ಗೋಡೆಯ ಮೇಲಿನ ಪಾಸ್‌ವರ್ಡ್

ನಮ್ಮ ಶಾಲೆಯ ಪಾಸ್‌ವರ್ಡ್ ಆರು ತಿಂಗಳ ಕಾಲ ಗೋಡೆಯ ಮೇಲೆ, ನೀಲಿ ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ ಇತ್ತು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದವರು ನಗುತ್ತಾರೆ. ನಾನೂ ನಕ್ಕವಳೇ. ನಕ್ಕಿದ್ದಕ್ಕೆ ತಕ್ಕ ಶಾಸ್ತಿಯನ್ನೂ ನಾನೇ ಅನುಭವಿಸಿದೆ.

ನಾನು ಗಣಿತ ಶಿಕ್ಷಕಿ. ಮನೆ ಶಹಾಪುರದಲ್ಲಿ, ಶಾಲೆ ಸುರಪುರ ದಾಟಿ ಹುಣಸಗಿ ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿ. ಬಿ.ಎಡ್. ಓದುವಾಗ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ ಪಾಪಕ್ಕೆ ಶಾಲೆಯ ಆನ್‌ಲೈನ್ ಕೆಲಸವೆಲ್ಲ ನನ್ನ ಕೊರಳಿಗೆ ಬಿದ್ದಿತ್ತು. ಮಕ್ಕಳ ಹಾಜರಿ, ಬಿಸಿಯೂಟದ ಲೆಕ್ಕ, ಹತ್ತನೇ ತರಗತಿಯ ಪರೀಕ್ಷೆಗೆ ಕೂರುವವರ ಪಟ್ಟಿ, ಇವಕ್ಕೆಲ್ಲ ಒಂದೇ ಖಾತೆ, ಒಂದೇ ಪಾಸ್‌ವರ್ಡ್.

ನಮ್ಮ ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ. ಆದರೆ ಗೋಡೆಯ ಮೇಲೆ ಬರೆಸುವ ಹುಚ್ಚು ವಿಪರೀತ. ಸರಕಾರಿ ಶಾಲೆಯ ಗೋಡೆ ಎಂದರೆ ನಮ್ಮ ಕಡೆ ಒಂದು ದೊಡ್ಡ ನೋಟಿಸು. ಸೋಮವಾರ ಏನು ಅಡುಗೆ, ಯಾರು ಯಾವ ವಿಷಯದ ಶಿಕ್ಷಕರು, ಶಾಲೆಯ ಸಂಖ್ಯೆ ಏನು, ಎಲ್ಲ ಅಲ್ಲೇ ಇರುತ್ತದೆ. ಜೂನ್‌ನಲ್ಲಿ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುರಪುರದಿಂದ ಪೇಂಟರನನ್ನು ಕರೆಸಿದರು. ಶಾಲೆಯ ಮಾಹಿತಿ ಬರೆದುಕೊಡಿ ಎಂದು ನನಗೆ ಹೇಳಿದರು. ನಾನು ಒಂದು ಹಾಳೆಯ ಮೇಲೆ ಶಾಲೆಯ ಸಂಖ್ಯೆ, ಇಮೇಲ್, ಫೋನ್ ನಂಬರ್ ಬರೆದೆ. ಹೆಡ್‌ಮಾಸ್ತರರು ವಾರಕ್ಕೆ ಮೂರು ಸಲ ಪಾಸ್‌ವರ್ಡ್ ಮರೆತು ನನಗೆ ಫೋನ್ ಮಾಡುತ್ತಿದ್ದರು. ಇದೇ ಹಾಳೆ ಅವರ ಜೇಬಿನಲ್ಲಿರಲಿ ಎಂದು ಕೊನೆಗೆ ಅದನ್ನೂ ಬರೆದುಬಿಟ್ಟೆ. ಅವರು ಹಾಳೆಯನ್ನು ಹಾಗೇ ಪೇಂಟರನ ಕೈಗೆ ಕೊಟ್ಟರು.

ಪೇಂಟರ್ ಬಹಳ ಪ್ರಾಮಾಣಿಕ. ಒಂದಕ್ಷರ ಬಿಡದೆ ಎಲ್ಲವನ್ನೂ ಬರೆದ. ಪಾಸ್‌ವರ್ಡಿನ ಎರಡೂ ಬದಿಗೆ ಒಂದೊಂದು ಹೂವನ್ನೂ ಬಿಡಿಸಿದ.

ನಾನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಳಿಸೋಣ ಎಂದಾಗ ಹೆಡ್‌ಮಾಸ್ತರರಿಗೆ ಮನಸ್ಸು ಬರಲಿಲ್ಲ. "ಎಷ್ಟು ಚಂದ ಬರದಾನ ನೋಡ್ರಿ ಮೇಡಂ. ನಮ್ಮ ಹಳ್ಳ್ಯಾಗ ಪಾಸ್‌ವರ್ಡ್ ಕದಿಯಾಕ ಯಾರ್ ಬರ್ತಾರ?" ಎಂದರು. ತಪಾಸಣೆಗೆ ಬಂದ ಸಾಹೇಬರು ಗೋಡೆಯ ಮುಂದೆ ನಿಂತು ಓದಿ, "ಮಾಹಿತಿ ಪೂರ್ತಿ ಅದ, ಶಾಬಾಶ್" ಎಂದು ಹೇಳಿ ಹೋದರು. ಆಮೇಲೆ ಯಾರು ತಾನೆ ಅಳಿಸುತ್ತಾರೆ? ನಿಜ ಹೇಳಬೇಕೆಂದರೆ ನನಗೂ ಅನುಕೂಲವೇ ಆಗಿತ್ತು. ಕಂಪ್ಯೂಟರ್ ಕೋಣೆಯ ಕಿಟಕಿಯಿಂದ ಕತ್ತು ಎತ್ತಿದರೆ ಕಾಣುತ್ತಿತ್ತು, ನೆನಪಿಡುವ ತಾಪತ್ರಯವೇ ಇಲ್ಲ. ಅದರ ಬಂಡವಾಳವಾದರೂ ಏನು? ಊರ ಹೆಸರು, ಅದರ ಮುಂದೆ ಒಂದು ಎರಡು ಮೂರು. ಗೋಡೆಯ ಮೇಲೆ ಬರೆಯದಿದ್ದರೂ ಯಾರು ಬೇಕಾದರೂ ಎರಡನೇ ಏಟಿಗೆ ಹೇಳಬಹುದಿತ್ತು. ಅದೂ ಅಲ್ಲದೆ ನಮ್ಮ ಕಡೆ ಪಾಸ್‌ವರ್ಡ್ ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ. "ಯಾಕ್ರಿ, ನಮ್ಮ ಮ್ಯಾಲ ಭರೋಸ ಇಲ್ಲೇನ್ರಿ?" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಬಾಗಿಲು ಹಾಕಿಕೊಂಡು ಉಂಡಷ್ಟೇ ಅದು ಅವಮಾನ.

ಡಿಸೆಂಬರ್‌ನ ಒಂದು ಬುಧವಾರ. ಪರೀಕ್ಷೆಯ ಪಟ್ಟಿಯನ್ನು ತಿದ್ದಲು ಅದೇ ಕೊನೆಯ ದಿನ, ಸಂಜೆ ಐದು ಗಂಟೆಗೆ ಗಡುವು. ನನಗೆ ತಿದ್ದುವುದೇನೂ ಇರಲಿಲ್ಲ. ನಲವತ್ತೆರಡು ಮಕ್ಕಳು, ನಲವತ್ತೆರಡು ಹೆಸರು, ಹದಿನೈದು ದಿನ ಮೊದಲೇ ಮುಗಿಸಿ ಕೈ ತೊಳೆದುಕೊಂಡಿದ್ದೆ. ಹನ್ನೊಂದೂವರೆಗೆ ತಾಲೂಕು ಕಚೇರಿಯಿಂದ ಮೊಬೈಲಿಗೆ ಎಲ್ಲ ಶಾಲೆಗಳ ಪಟ್ಟಿ ಬಂತು, ಒಮ್ಮೆ ನೋಡಿಕೊಳ್ಳಿ ಎಂದು. ಕಾಟಾಚಾರಕ್ಕೆ ತೆರೆದೆ. ನಮ್ಮ ಶಾಲೆಯ ಮುಂದೆ ನಲವತ್ತೊಂದು ಎಂದಿತ್ತು. ಪಕ್ಕದಲ್ಲಿ ಇನ್ನೊಂದು ಕಾಲಂ: ಶಾಲೆ ಬಿಟ್ಟವರು, ಒಬ್ಬರು.

ಬೆರಳಿಟ್ಟು ಹೆಸರು ಎಣಿಸುತ್ತ ಹೋದೆ. ಹೋದ ಹೆಸರು ಯಾರದೆಂದು ಗೊತ್ತಾದ ಕೂಡಲೇ ಹತ್ತನೇ ತರಗತಿಯ ಬಾಗಿಲಿಗೆ ಓಡಿದೆ. ಆ ಹುಡುಗಿ ಮೂರನೇ ಬೆಂಚಿನಲ್ಲಿ, ಕಿಟಕಿಯ ಪಕ್ಕ, ತಲೆ ತಗ್ಗಿಸಿ ಬರೆಯುತ್ತ ಕುಳಿತಿದ್ದಳು. ಅಪ್ಪ ಅವ್ವ ಇಬ್ಬರೂ ಹತ್ತಿ ಬಿಡಿಸಲು ಕೂಲಿಗೆ ಹೋಗುವ ಮನೆ. ಗಣಿತದಲ್ಲಿ ಬಹಳ ಹಿಂದೆ, ಮಾತು ಕಡಿಮೆ, ಆದರೆ ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಇಂಥವಳು ಇಲಾಖೆಯ ಲೆಕ್ಕದಲ್ಲಿ ಟಿ.ಸಿ. ತೆಗೆದುಕೊಂಡು ಹೋಗಿಯಾಗಿತ್ತು. ಐದು ಗಂಟೆಯೊಳಗೆ ಹೆಸರು ಮರಳಿ ಸೇರದಿದ್ದರೆ ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ನಾನು ಆ ಊರಿನಲ್ಲಿ ನೋಡಿಲ್ಲ. ಹೊಲಕ್ಕೆ ಹೋಗುತ್ತಾಳೆ, ಇಲ್ಲವೆ ಗಂಡನ ಮನೆಗೆ.

ಅವಳಿಗೆ ಏನೂ ಹೇಳದೆ ಕಂಪ್ಯೂಟರ್ ಕೋಣೆಗೆ ಬಂದೆ. ಪಾಸ್‌ವರ್ಡ್ ಹಾಕಿದೆ. ತಪ್ಪು ಎಂದು ಬಂತು. ಬೆರಳು ತಪ್ಪಿರಬೇಕೆಂದು ಕಿಟಕಿಯಿಂದ ಗೋಡೆ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಮತ್ತೆ ತಪ್ಪು. ಗೋಡೆಯ ಮೇಲಿನದು ಹಾಗೇ ಇತ್ತು, ಒಳಗಿನದನ್ನು ಯಾರೋ ಬದಲಿಸಿದ್ದರು.

ಆಗ ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ, ಕಾಣಿಸುವುದು ಮುಂದೆ ನಿಂತವರು ಮಾತ್ರ. ಮುಂದೆ ನಿಂತಿದ್ದವರು ಪಿ.ಟಿ. ಮಾಸ್ತರರು. ಶಾಲೆಯಲ್ಲಿ ನನ್ನನ್ನು ಬಿಟ್ಟರೆ ಕಂಪ್ಯೂಟರ್ ಮುಟ್ಟುವವರು ಅವರೊಬ್ಬರೇ. ಹಿಂದಿನ ವಾರ ನನ್ನ ಗಣಿತದ ಪೀರಿಯಡ್‌ನಲ್ಲಿ ಮಕ್ಕಳನ್ನು ಖೋಖೋಗೆ ಕರೆದೊಯ್ದರೆಂದು ಅವರ ಜೊತೆ ಜಗಳವಾಗಿತ್ತು. ಅಷ್ಟೇ ಸಾಕಾಯಿತು ನನಗೆ.

"ನಿಮ್ಮದ ಕೆಲಸ ಇದು. ನನ್ನ ಮ್ಯಾಲಿನ ಸಿಟ್ಟು ಒಂದು ಹುಡುಗಿ ಮ್ಯಾಲ ತೀರಿಸ್ಕೊಂಡ್ರಲ್ರಿ!" ಎಂದು ಎಲ್ಲರೆದುರು ಅಂದುಬಿಟ್ಟೆ.

ಅವರು "ಮೇಡಂ, ನಿಮಗ ಖರೇನ ಹಂಗ ಅನಸ್ತದೇನ್ರಿ?" ಎಂದಷ್ಟೇ ಕೇಳಿದರು. ಹೆಡ್‌ಮಾಸ್ತರರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡುತ್ತ ತಾಲೂಕು ಕಚೇರಿಗೆ ಫೋನ್ ಹಚ್ಚಿದರು. ಅಲ್ಲಿಂದ ಬಂದ ಉತ್ತರ ಸರಳವಾಗಿತ್ತು. ಪಾಸ್‌ವರ್ಡ್ ಮರೆತರೆ ಖಾತೆಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಿ ಹೊಸದು ಮಾಡಿಕೊಳ್ಳಿ. ಬೇರೆ ದಾರಿ ಎಂದರೆ ಅರ್ಜಿ, ಅದಕ್ಕೆ ಎರಡು ದಿನ.

ಜೋಡಿಸಿದ ಮೊಬೈಲ್ ಯಾರದು? ಎರಡು ವರ್ಷ ಹಿಂದೆ ನಿವೃತ್ತರಾಗಿ ಯಾದಗಿರಿಯಲ್ಲಿ ನೆಲೆಸಿದ ಹಳೆಯ ಹೆಡ್‌ಮಾಸ್ತರರದು. ಅವರು ಹೋದ ಮೇಲೆ ನಂಬರ್ ಬದಲಿಸಬೇಕೆಂದು ನನಗೆ ನೆನಪಿತ್ತು. ನಾಳೆ ಮಾಡಿದರಾಯಿತು ಎಂದು ಎರಡು ವರ್ಷ ಕಳೆದಿದ್ದೆ.

ಅವರಿಗೆ ಫೋನ್ ಮಾಡಿದರೆ ಎತ್ತಿದ್ದು ಅವರ ಹೆಂಡತಿ. ಆ ನಂಬರಿನ ಸಣ್ಣ ಫೋನನ್ನು ಈಗ ಅವರೇ ಇಟ್ಟುಕೊಂಡಿದ್ದರಂತೆ. ಯಜಮಾನರು ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದರು. ಮಠಕ್ಕೆ ಹೋಗುವಾಗ ಅವರು ಫೋನ್ ಒಯ್ಯುವುದಿಲ್ಲ. ನಾನು ಎಲ್ಲ ವಿವರಿಸಿ ಓಟಿಪಿ ಕಳಿಸಿದೆ. "ಬಂದದೇನ್ರಿ ಅಮ್ಮಾರ? ಆರು ಅಂಕಿ ಅದ, ಜರಾ ಹೇಳ್ರಿ" ಎಂದೆ.

"ಬಂದದ. ಆದ್ರ ಹೇಳಂಗಿಲ್ಲ."

"ಯಾಕ್ರಿ?"

"ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಟಿವ್ಯಾಗ ದಿನಾ ಬಡಕೊಂತಾರ. ನೀವು ಯಾರೋ ಏನೋ."

"ಅಮ್ಮಾರ, ನಾ ನಿಮ್ಮ ಯಜಮಾನ್ರ ಸಾಲಿ ಮೇಡಂ ರೀ. ಒಂದು ಹುಡುಗಿ ಪರೀಕ್ಷಾ ತಪ್ಪತದ!"

"ಕಳ್ಳರೂ ಹಿಂಗ ಅಳ್ತಾರಂತ. ಮಾರಿ ತೋರಿಸಿದ್ರ ಹೇಳ್ತೀನಿ, ಬರ್ರಿ" ಎಂದು ಫೋನ್ ಇಟ್ಟರು.

ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಇಡೀ ಜಿಲ್ಲೆಯಲ್ಲಿ ಗುಟ್ಟು ಕಾಯುವುದು ಗೊತ್ತಿದ್ದ ಒಬ್ಬರೇ ಒಬ್ಬರು ಅವತ್ತು ನನಗೇ ಅಡ್ಡ ನಿಂತಿದ್ದರು. ಸಮಯ ಹನ್ನೆರಡು. ಯಾದಗಿರಿಗೆ ಹೋಗದೆ ಬೇರೆ ದಾರಿ ಇರಲಿಲ್ಲ.

ಹೊರಗೆ ಬಂದರೆ ಪಿ.ಟಿ. ಮಾಸ್ತರರು ಬೈಕ್ ಚಾಲೂ ಮಾಡಿ ನಿಂತಿದ್ದರು. "ಕುಂದರ್ರಿ, ಸುರಪುರ ಬಸ್‌ಸ್ಟ್ಯಾಂಡಿಗಿ ಬಿಡ್ತೀನಿ" ಎಂದರು. ನನ್ನನ್ನು ಸಾಗಹಾಕಿ ಇವರು ಇನ್ನೇನು ಮಾಡುತ್ತಾರೋ ಎಂದೇ ನಾನು ಹಿಂದೆ ಕುಳಿತು ಯೋಚಿಸುತ್ತಿದ್ದೆ. ಆ ಯೋಚನೆ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಸುರಪುರದಲ್ಲಿ ಬಸ್ಸು ಹತ್ತಿದ್ದು ಒಂದು ಗಂಟೆಗೆ. ಶಹಾಪುರಕ್ಕೆ ಬಂದು ನಿಂತಿತು. ಡ್ರೈವರ್ ಊಟಕ್ಕೆ ಇಳಿದ. ನನ್ನ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಕಟ್ಟಿಕೊಂಡ ರೊಟ್ಟಿ ಚೀಲದಲ್ಲಿ ಹಾಗೇ ಇತ್ತು, ತಿನ್ನಲಾಗಲಿಲ್ಲ. ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನು ಕಿಟಕಿಯಿಂದ ನೋಡುತ್ತ ಕುಳಿತೆ. ದಿನಾ ನೋಡಿದರೆ ಮನಸ್ಸಿಗೆ ತಂಪು. ಅವತ್ತು ಅದರ ಮೇಲೂ ಸಿಟ್ಟು ಬಂತು, ಎಲ್ಲರೂ ಇಷ್ಟು ಆರಾಮ ಹೇಗಿರುತ್ತಾರೆ ಎಂದು. ಅರ್ಧ ಗಂಟೆಯಾದರೂ ಡ್ರೈವರ್ ಬರಲಿಲ್ಲ. ಕೆಳಗಿಳಿದು ಕಂಡಕ್ಟರನ ಜೊತೆ ಜಗಳ ಮಾಡಿದೆ. "ಊಟ ಮಾಡಬ್ಯಾಡೇನ್ರಿ ಮನುಷ್ಯಾ?" ಎಂದ. ಅವನೂ ತಪ್ಪು ಹೇಳಲಿಲ್ಲ.

ಭೀಮಾ ನದಿಯ ಸೇತುವೆ ದಾಟಿ ಯಾದಗಿರಿಯಲ್ಲಿ ಇಳಿದಾಗ ಮೂರೂವರೆ. ಆಟೋ ಹಿಡಿದು ಆ ಮನೆ ಹುಡುಕಿ ಬಾಗಿಲು ಬಡಿದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಅಮ್ಮನವರು ನನ್ನ ಮುಖ ನೋಡಿದರು, ಗುರುತಿನ ಚೀಟಿ ಕೇಳಿದರು, ಅದರ ಫೋಟೋ ನೋಡಿ ಮತ್ತೆ ನನ್ನ ಮುಖ ನೋಡಿದರು. ನಂತರ ಯಜಮಾನರ ಬೀಳ್ಕೊಡುಗೆಯ ಫೋಟೋವನ್ನು ಗೋಡೆಯಿಂದ ಇಳಿಸಿ ತಂದು, ಅದರಲ್ಲಿ ನಾನು ಎಲ್ಲಿದ್ದೇನೆಂದು ತೋರಿಸಲು ಹೇಳಿದರು. ತೋರಿಸಿದೆ. "ಹಾಂ, ಈಗ ಖರೇ. ಕುಂದ್ರು ಯವ್ವಾ, ನೀರ್ ಕುಡಿ" ಎಂದರು.

ನೀರು ಕುಡಿಯುವ ವ್ಯವಧಾನ ಎಲ್ಲಿತ್ತು? ನನ್ನ ಮೊಬೈಲಿನಿಂದ ಎರಡನೇ ಸಲ ಓಟಿಪಿ ಕೇಳಿದೆ. ಬಂತು. ಅವರು ಚಷ್ಮಾ ಹುಡುಕಿ, ಮೆಸೇಜು ತೆರೆದು, ನಾನು ಕೈ ಚಾಚಿದರೂ ಫೋನ್ ಕೊಡದೆ ತಾವೇ ಓದುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮೂರನೇ ಸಲ ಕೇಳಿದೆ. ಈಗ ಜಲ್ದಿ ಓದಿದರು. ಸರಿಯಾಗಿಯೇ ಓದಿದರು. ನಾನು, ಇಡೀ ಊರಿಗೆ ಲೆಕ್ಕ ಕಲಿಸುವವಳು, ಆರು ಅಂಕಿಯಲ್ಲಿ ಒಂದನ್ನು ತಪ್ಪು ಒತ್ತಿ ಕಳಿಸಿಬಿಟ್ಟೆ.

ಹೊಸ ಪಾಸ್‌ವರ್ಡ್ ಪಡೆಯುವ ಮೂರೂ ಅವಕಾಶ ಮುಗಿದಿವೆ, ನಾಳೆ ಪ್ರಯತ್ನಿಸಿ ಎಂದು ಪರದೆಯ ಮೇಲೆ ಬಂತು.

ನಾಳೆ! ನಾನು ಆ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತೆ. ಅಳು ಬಂತು, ಅತ್ತೆ. ಆ ಹುಡುಗಿಯ ಅವ್ವನಿಗೆ ಏನು ಹೇಳಲಿ? ಗೋಡೆಯ ಮೇಲೆ ಹೂವು ಬಿಡಿಸಿ ಬರೆಸಿದ್ದೆವು, ಯಾರೋ ಓದಿದರು ಎನ್ನಲೇ? ಅಮ್ಮನವರು ಪಕ್ಕದಲ್ಲಿ ಕುಳಿತು, ತಾವು ಫೋನಿನಲ್ಲೇ ಹೇಳಿದ್ದರೆ ಆಗುತ್ತಿತ್ತೇನೋ ಎಂದು ತಾವೂ ಕಣ್ಣು ಒರೆಸಿಕೊಂಡರು. "ನೀವು ಮಾಡಿದ್ದ ಬರೋಬರಿ ಅಮ್ಮಾರ, ಗಲತಿ ನಂದು" ಎಂದೆ. ನಾಲ್ಕು ಇಪ್ಪತ್ತಾಗಿತ್ತು.

ಆಗ ಪಿ.ಟಿ. ಮಾಸ್ತರರ ಫೋನ್ ಬಂತು.

"ಮೇಡಂ, ಪಾಸ್‌ವರ್ಡ್ ಸಿಕ್ತು. ಬರಕೋರಿ."

ಕೊನೆಗೂ ಬಾಯಿ ಬಿಟ್ಟ, ತಾನೇ ಬದಲಿಸಿದ್ದು ತಾನೇ ಹೇಳುತ್ತಿದ್ದಾನೆ ಎಂದುಕೊಂಡೆ. ಸಿಟ್ಟನ್ನು ನುಂಗಿ ಬರೆದುಕೊಂಡೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಾಲ್ಕು ಕನ್ನಡ ಪದಗಳು, ಸಾಲಾಗಿ: ಕುಡುಗೋಲು, ಟಂಟಂ, ಜೇನು, ಚಿಮಣಿ. ನಡುವೆ ಎರಡು ಅಂಕಿ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ನೂರು ವರ್ಷ ಕುಳಿತರೂ ನಾನು ಊಹಿಸುತ್ತಿರಲಿಲ್ಲ. ಖಾತೆ ತೆರೆಯಿತು. ಶಾಲೆ ಬಿಟ್ಟವರ ಕಾಲಂನಿಂದ ಹೆಸರು ತೆಗೆದು ಪರೀಕ್ಷೆಯ ಪಟ್ಟಿಗೆ ಸೇರಿಸಿದೆ. ಈ ಸಲ ಪ್ರತಿ ಅಕ್ಷರವನ್ನೂ ಎರಡು ಸಲ ನೋಡಿ ಒತ್ತಿದೆ. ನಲವತ್ತೆರಡು ಎಂದು ಬಂದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು.

ಆಮೇಲೆ ಮಾಸ್ತರರಿಗೆ ಫೋನ್ ಮಾಡಿ ಕೇಳಿದೆ, "ನಿಮಗ ಹ್ಯಾಂಗ ಸಿಕ್ತು?"

"ನಾ ಕ್ಲಾಸಿಗಿ ಹೋಗಿ ಹೇಳಿದ್ನಿ ಮೇಡಂ. ನಿಮ್ಮ ಗಣಿತ ಮೇಡಂ ಊಟಾ ಬಿಟ್ಟು ಯಾದಗಿರಿಗಿ ಓಡ್ಯಾರ, ನಿಮ್ಮೊಳಗ ಒಬ್ಬಾಕಿ ಹೆಸರ ಪಟ್ಟಿದಾಗ ಇಲ್ಲಂತ. ಯಾರಿಗರ ಏನರ ಗೊತ್ತಿದ್ರ ಹೇಳ್ರಿ ಅಂದ್ನಿ. ಆಮ್ಯಾಲ ಆಕೀನ ಎದ್ದು ನಿಂತ್ಳು."

"ಆಕಿ ಅಂದ್ರ?"

"ಆಕೀನರಿ. ಹೆಸರು ಹೋಗಿತ್ತಲ್ಲ, ಆ ಹುಡುಗಿ. ತನ್ನ ಹೆಸರ ತಾನ ತಗದಾಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಎಲ್ಲರೆದುರು ಪಿ.ಟಿ. ಮಾಸ್ತರರ ಕ್ಷಮೆ ಕೇಳಿದೆ. ಎಲ್ಲರೆದುರು ಅಂದವಳು ಮೂಲೆಯಲ್ಲಿ ಕೇಳಿದರೆ ಆಗುತ್ತದೆಯೇ? ಅವರು ಕೈ ಮುಗಿದು ಮೈದಾನಕ್ಕೆ ಹೋದರು. ಹೆಡ್‌ಮಾಸ್ತರರು ತಾವೇ ಸುಣ್ಣದ ಬಕೆಟ್ಟು ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ. ಆದರೂ ಹಾಕಿದೆವು. ಮೊಬೈಲ್ ನಂಬರ್ ಬದಲಿಸಿದೆ, ಹೊಸ ಪಾಸ್‌ವರ್ಡ್ ಮಾಡಿದೆ. ಆ ಹುಡುಗಿ ಮಾಡಿದಂತೆಯೇ, ಸಂಬಂಧವಿಲ್ಲದ ನಾಲ್ಕು ಪದ ಕೂಡಿಸಿ ಮಾಡಿದೆ. ಎಲ್ಲಿಯೂ ಬರೆಯಲಿಲ್ಲ. ಹೆಡ್‌ಮಾಸ್ತರರು ಕೇಳಿದಾಗ, ಅವರಿಗೆ ಬೇಜಾರಾದರೂ, "ನಿಮಗ ಬೇಕಾದಾಗ ನಾನ ಬಂದು ಹಾಕಿಕೊಡ್ತೀನಿ ಸರ್" ಎಂದೆ.

ನಂತರ ಹುಡುಗಿಯನ್ನು ಕಂಪ್ಯೂಟರ್ ಕೋಣೆಗೆ ಕರೆದೆ. ಪ್ರೀತಿಯಿಂದ ಮಾತಾಡಬೇಕೆಂದೇ ಇದ್ದೆ. ಆದರೆ ಅವಳು ಬಂದು ನಿಂತ ಕೂಡಲೇ ಹಿಂದಿನ ದಿನದ ಸಂಕಟವೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಎಷ್ಟು ಸೊಕ್ಕ ನಿನಗ! ಇದನ್ನೆಲ್ಲ ಎಲ್ಲಿ ಕಲತಿ?"

"ನೀವು ಕ್ಲಾಸಿನಾಗ ದೊಡ್ಡ ಪರದೆ ಮ್ಯಾಲ ಮಾಡ್ತಿದ್ರಲ್ರಿ ಮೇಡಂ, ನೋಡಿದ್ನಿ. ಪಾಸ್‌ವರ್ಡ್ ಗ್ವಾಡಿ ಮ್ಯಾಲ ಇತ್ತು. ಮೊನ್ನಿ ರಾತ್ರಿ ಅಕ್ಕನ ಮೊಬೈಲಿನಾಗ ಮಾಡಿದ್ನಿ."

ನಿಜ. ಎಷ್ಟೋ ಸಲ ಮಕ್ಕಳಿಗೆ ಲೆಕ್ಕ ಕೊಟ್ಟು, ಪ್ರೊಜೆಕ್ಟರ್ ಆರಿಸದೆ, ಅವರೆದುರೇ ಇಲಾಖೆಯ ಕೆಲಸ ಮಾಡುತ್ತ ಕುಳಿತಿದ್ದೇನೆ. ಗಣಿತದಲ್ಲಿ ದಡ್ಡಿ ಎಂದು ನಾನು ಲೆಕ್ಕಕ್ಕೇ ಇಡದ ಹುಡುಗಿ ಅದನ್ನು ನೋಡಿಯೇ ಕಲಿತಿದ್ದಳು.

"ಪಾಸ್‌ವರ್ಡ್ ಯಾಕ ಬದಲಿ ಮಾಡಿದಿ?"

"ತಾರೀಖು ಮುಗಿಯೋತನಕ ನೀವು ತಿರಗಿ ಹಾಕಬಾರ್ದಂತ."

"ಪರೀಕ್ಷಾ ಬರೆಯಾಕ ಮನಸಿದ್ದಿಲ್ಲೇನು? ಮನ್ಯಾಗ ಏನರ ಅಂದ್ರೇನು?"

ಅವಳು ತಲೆ ಅಲ್ಲಾಡಿಸಿದಳು. ಮನೆಯಲ್ಲಿ ಯಾರೂ ಏನೂ ಅಂದಿರಲಿಲ್ಲ. ಅವ್ವ ಪರೀಕ್ಷೆಗೆಂದು ಹೊಸ ಚಪ್ಪಲಿ ಕೂಡ ತಂದಿಟ್ಟಿದ್ದಳಂತೆ.

"ಮತ್ತ ಯಾಕ ಮಾಡಿದಿ?"

ಅವಳು ನನ್ನ ಕಾಲಿನ ಕಡೆ ನೋಡುತ್ತ ಹೇಳಿದಳು, "ನೀವ ಅಂದಿದ್ರಿ ಮೇಡಂ. ನೀ ಒಬ್ಬಾಕಿ ಇಲ್ಲದಿದ್ರ ನಮ್ಮ ಸಾಲಿ ರಿಸಲ್ಟ್ ನೂರಕ್ಕ ನೂರು ಬರ್ತಿತ್ತು ಅಂತ."

"ನಾನು? ನಾನ್ಯಾವಾಗ ಅಂದ್ನಿ?"

ಆಣೆ ಮಾಡಿ ಹೇಳುತ್ತೇನೆ, ನನಗೆ ನೆನಪಿಲ್ಲ. ಅವತ್ತೂ ನೆನಪಾಗಲಿಲ್ಲ, ಇವತ್ತಿನವರೆಗೂ ಆಗಿಲ್ಲ. ಅಂದಿರಲಿಕ್ಕಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ನನ್ನ ನಾಲಿಗೆ ನನಗೆ ಗೊತ್ತು.

"ದಸರಾ ಸೂಟಿ ಮುಗದ ಮ್ಯಾಲ ಎರಡನೇ ಶುಕ್ರವಾರ, ಮೂರನೇ ಪೀರಿಯಡ್" ಎಂದಳು. "ನೀವು ಡಸ್ಟರ್ ಹುಡುಕಾಕತ್ತಿದ್ರಿ. ಹುಡುಕಿಕೋತನ ಅಂದ್ರಿ. ಎಲ್ಲಾರೂ ನಕ್ರು." ದನಿಯಲ್ಲಿ ದೂರು ಇರಲಿಲ್ಲ, ಹಾಜರಿ ಹೇಳುವಂತೆ ಹೇಳಿದಳು. "ಅದಕ್ಕ ತಗದ್ನಿ. ನಾ ಇಲ್ಲಾಂದ್ರ ನಿಮಗ ಚಲೋ ಆಗ್ತದ ಅಂತ ತಿಳ್ಕೊಂಡಿದ್ನಿ. ನೀವು ನನ್ನ ಸಲುವಾಗಿ ಯಾದಗಿರಿತನ ಹೋಗ್ತೀರಿ ಅಂತ ಗೊತ್ತಿದ್ದಿಲ್ರಿ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ತಪ್ಪಾತವ್ವಾ" ಎಂದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, "ಗಂಟಿ ಹೊಡೀತು ಮೇಡಂ, ನಿಮ್ಮದ ಪೀರಿಯಡ್ ಅದ" ಎಂದು ಹೇಳಿ ಹೋದಳು.

ಚಾಕ್‌ಪೀಸ್ ಡಬ್ಬಿ ಎತ್ತಿಕೊಂಡು ಹತ್ತನೇ ತರಗತಿಯ ಬಾಗಿಲವರೆಗೆ ನಡೆದೆ. ಒಳಗೆ ನಲವತ್ತೆರಡು ಮಕ್ಕಳು ಎದ್ದು ನಿಂತರು. ಇವರಲ್ಲಿ ಇನ್ನೂ ಯಾರ್ಯಾರಿಗೆ, ಯಾವ ವಾರ, ಯಾವ ಪೀರಿಯಡ್‌ನಲ್ಲಿ ಏನೇನು ಅಂದಿದ್ದೇನೋ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ ನನಗೆ ಕ್ಲಾಸಿನೊಳಗೆ ಕಾಲಿಡಲು ಹೆದರಿಕೆಯಾಯಿತು.